ಎರಡು ಕತ್ತಿಯ ಅಳಿಯ

ನನ್ನ ಅಳಿಯನನ್ನು ಪುಕ್ಕಲ ಎಂದು ಕರೆದರೆ ಪುಕ್ಕಲರು ಬೇಜಾರು ಮಾಡಿಕೊಂಡಾರು. ಅವರಿಗೂ ಒಂದು ಮಟ್ಟ ಅಂತ ಇದೆ. ಇವನು ಕರೆಗಂಟೆ ಸದ್ದಿಗೆ ಬೆಚ್ಚುತ್ತಾನೆ. ಗುಂಡಿ ಒತ್ತಿದವನು ತಾನೇ ಆಗಿದ್ದರೂ ಬೆಚ್ಚುತ್ತಾನೆ. ಬಲೂನು ಕಂಡರೆ ಅದು ಒಡೆಯುವುದಕ್ಕೆ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಎರಡು ಕೊಡೆ ಹೊತ್ತುಕೊಂಡು ಹೋಗುತ್ತಾನೆ, ಒಂದು ಕಳೆದುಹೋದರೆ ಎಂದು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವುದು ಅವನ ಕೆಲಸ. ತಿರುಗುವ ಕಲ್ಲಿಗೆ ಗಾಜಿನ ಅಂಚು ತಾಗಿಸಿ, ಕೂದಲೆಳೆಯಷ್ಟು ಅರೆದು, ಬೆಳಕಿಗೆ ಹಿಡಿದು ನೋಡಿ, ಫ್ರೇಮಿಗೆ ಕೂರಿಸಿ ನೋಡಿ, ಮತ್ತೆ ಕೂದಲೆಳೆಯಷ್ಟು ಅರೆಯುತ್ತಾನೆ. ಹೆದರಿ ಹೆದರಿ ಅರೆಯುವುದರಿಂದ ಹನ್ನೊಂದು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಗಾಜೂ ಒಡೆದಿಲ್ಲ. ಭಯಕ್ಕೂ ಸಂಬಳ ಕೊಡುವ ಜಾಗ ಲೋಕದಲ್ಲಿದೆ ಎಂದು ನನಗೆ ತಿಳಿದದ್ದು ಅವನಿಂದಲೇ.

ಇಂಥವನು ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಎರಡೂ ಕೈಯಲ್ಲಿ ಕತ್ತಿ ಹಿಡಿದು ಜನರನ್ನು ಕಡಿದು ಹಾಕುತ್ತಿದ್ದ.

ಗಾಬರಿ ಬೇಡ. ಅದು ಆಟ. ನಾಲ್ಕು ಬೀದಿ ಆಚೆ ಶಾಲೆಯ ಗಣಿತದ ಮೇಡಂ ಒಬ್ಬರಿದ್ದಾರೆ. ಅವರ ಊಟದ ಮೇಜಿನ ಸುತ್ತ ಐದು ಜನ ಸೇರುತ್ತಾರೆ. ಮೇಡಂ ಕಥೆ ಹೇಳುತ್ತಾರೆ: ಇಲ್ಲೊಂದು ಹಾಳು ಕೋಟೆ, ಅದರ ಮುಂದೆ ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯ ಮೇಲೆ ದರೋಡೆಕೋರರು. ಮಿಕ್ಕವರು ಒಬ್ಬೊಬ್ಬ ವೀರರಾಗಿ, ಈಗ ಏನು ಮಾಡುತ್ತೇವೆಂದು ಹೇಳಬೇಕು. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕತ್ತಿಯಿಲ್ಲ, ರಕ್ತವಿಲ್ಲ. ಕೊನೆಯಲ್ಲಿ ಮೇಜಿನ ಮೇಲೆ ಉಳಿಯುವುದು ಬಿಸ್ಕತ್ತಿನ ಪುಡಿ ಮಾತ್ರ.

"ಎರಡು ಕತ್ತಿ ಯಾಕಪ್ಪಾ? ಒಂದು ಸಾಲಲ್ವಾ?" ಎಂದು ನಾನು ಕೇಳಿದ್ದೆ.

"ಸಾಕು ಅತ್ತೆ. ಆದ್ರೆ ಒಂದು ಕೈಜಾರಿ ಬಿದ್ರೆ?" ಎಂದಿದ್ದ.

ಈ ಎರಡು ಕತ್ತಿಯ ಕಾಳಗಕ್ಕೆ ಬೇಕಾದಷ್ಟು ಕಟ್ಟುಪಾಡುಗಳಿವೆ. ಅವನ್ನೆಲ್ಲ ಬರೆದ ಕಾಗದವನ್ನು ಅವನು ಕನ್ನಡಿಯ ಪಕ್ಕ ಅಂಟಿಸಿದ್ದ. ತಲೆ ಬಾಚುವಾಗೆಲ್ಲ ಓದಿ ಓದಿ ನನಗೂ ಬಾಯಿಪಾಠವಾಗಿತ್ತು. ಎರಡೂ ಹಗುರ ಕತ್ತಿಗಳೇ ಆಗಿರಬೇಕು. ಬಲಗೈ ಹೊಡೆದ ಮೇಲೆಯೇ ಎಡಗೈಗೆ ಅವಕಾಶ. ಎಡಗೈ ಏಟಿಗೆ ತೋಳಿನ ಬಲ ಸೇರಿಸುವಂತಿಲ್ಲ. ಎರಡು ಕೈಯೂ ತುಂಬಿರುವುದರಿಂದ ಗುರಾಣಿ ಇಲ್ಲ. ಎಲ್ಲಕ್ಕಿಂತ ದೊಡ್ಡದು ಸರದಿ. ಕಾಳಗಕ್ಕೆ ಮೊದಲು ದಾಳ ಉರುಳಿಸಿ ಯಾರು ಮುಂಚೆ, ಯಾರು ಆಮೇಲೆ ಎಂದು ಗೊತ್ತುಮಾಡಿಕೊಳ್ಳಬೇಕು. ಒಬ್ಬ ಹೊಡೆಯುವಾಗ ಇನ್ನೊಬ್ಬ ಸುಮ್ಮನೆ ಕೂತು ಹೊಡೆಸಿಕೊಳ್ಳಬೇಕು. ನಾನು ಬದುಕಿನಲ್ಲಿ ಕಂಡ ಯಾವ ಜಗಳದಲ್ಲೂ ಇಷ್ಟು ಸಭ್ಯತೆ ಇರಲಿಲ್ಲ.

ಇನ್ನೊಂದು ವಾಡಿಕೆ ಆ ಕಾಗದದಲ್ಲಿ ಇರಲಿಲ್ಲ. ಅದೇ ಮುಳುವಾದದ್ದು. ಈ ಆಟದವರು "ನನ್ನ ವೀರ ಹೀಗೆ ಮಾಡಿದ" ಎನ್ನುವುದಿಲ್ಲ. "ನಾನು ಮಾಡಿದೆ" ಎನ್ನುತ್ತಾರೆ. ಮೇಜಿನ ಹತ್ತಿರ ಅಂದರೆ ಪರವಾಗಿಲ್ಲ. ನನ್ನ ಅಳಿಯ ಅಂದದ್ದು ಕ್ಷೌರದಂಗಡಿಯಲ್ಲಿ.

ಮೈಗೆ ಬಟ್ಟೆ ಸುತ್ತಿಸಿಕೊಂಡು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾನೆ. ಫೋನ್ ಬಂದಿದೆ. ಅವರ ಆಟದ ಗುಂಪಿನ ಅಂಚೆಯವನು ಹಿಂದಿನ ಶನಿವಾರ ಅರ್ಧಕ್ಕೇ ಎದ್ದು ಹೋಗಿದ್ದನಂತೆ; ಮುಂದೇನಾಯಿತೆಂದು ಕೇಳಿದ್ದಾನೆ.

"ಏನಾಗೋದು? ಸೇತುವೆ ಮೇಲೆ ಮೂರು ಜನ ಇದ್ರು," ಎಂದ ನನ್ನ ಅಳಿಯ, ನೊರೆಯೊಳಗಿಂದ. "ನಾನೊಬ್ಬನೇ. ಮೊದಲನೆಯವನನ್ನ ಬಲಗೈಲಿ ಕೆಡವಿದೆ. ಎರಡನೆಯವನು ತಾನಾಗೇ ಎಡಗೈಗೆ ಬಂದ. ಮೂರನೆಯವನಾ? ಅವನು ಕಾಲು ಹಿಡ್ಕೊಂಡುಬಿಟ್ಟ ಮಾರಾಯ. ಬಿಡೋಣ ಅಂತಿದ್ದೆ. ಗಣಿತದ ಮೇಡಂ ಹೇಳಿದ್ರು, ಬಿಟ್ರೆ ಹೋಗಿ ಬಾಯಿಬಿಡ್ತಾನೆ ನೋಡು ಅಂತ. ಹೊಳೆಗೆ ತಳ್ಳಿಬಿಟ್ಟೆ. ಹೂಂ, ಮುಂದಿನ ಶನಿವಾರ ಕೋಟೆ ಒಳಗೆ. ನೀನು ಎಣ್ಣೆ ತಗೊಂಡು ಬಾ, ಬೆಂಕಿ ಹಚ್ಚಬೇಕಾಗುತ್ತೆ."

ಫೋನ್ ಇಟ್ಟು ಕನ್ನಡಿ ನೋಡಿದರೆ, ಹಿಂದೆ ಕ್ಷೌರದವನು ಕತ್ತಿ ಮೇಲೆತ್ತಿದವನು ಇಳಿಸಿಯೇ ಇಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬ "ನಂದೇನೂ ಅರ್ಜೆಂಟಿಲ್ಲ" ಎನ್ನುತ್ತ ಎದ್ದು ಹೋದ. ಇನ್ನೊಬ್ಬ ಏನೂ ಅನ್ನದೆಯೇ ಹೋದ.

"ಸಾರ್," ಎಂದ ಕ್ಷೌರದವನು. ಎಂಟು ವರ್ಷದಿಂದ 'ಏನಪ್ಪಾ' ಎನ್ನುತ್ತಿದ್ದವನು. "ಕಿವಿ ಹತ್ರ ಸ್ವಲ್ಪ ತೆಗೀಲಾ? ನಿಮ್ಮ ಅಪ್ಪಣೆ ಇದ್ರೆ."

"ತೆಗಿ."

"ಅದು... ಪೊಲೀಸಿನವರಿಗೆ ಗೊತ್ತಾ, ಸಾರ್?"

ಇಲ್ಲಿಯೇ ನನ್ನ ಅಳಿಯ "ಅಯ್ಯೋ, ಅದು ಆಟ" ಎಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯ ಮೂವತ್ತಾರು ವರ್ಷ ಎಲ್ಲರಿಗೂ ಹೆದರಿದ್ದಾನೆ. ಮೊಟ್ಟಮೊದಲ ಬಾರಿಗೆ, ಕನ್ನಡಿಯಲ್ಲಿ, ತನಗೆ ಹೆದರುವ ಮುಖವೊಂದನ್ನು ಕಂಡಿದ್ದಾನೆ. ನೊರೆಯನ್ನು ಒರೆಸಿಕೊಂಡು ಅವನು ಹೇಳಿದ ಮಾತನ್ನು ಆಮೇಲೆ ನನಗೂ ತಲೆ ತಗ್ಗಿಸಿಯೇ ಒಪ್ಪಿಸಿದ:

"ಅದನ್ನೆಲ್ಲ ಬಾಯಿಬಿಟ್ಟು ಮಾತಾಡಬಾರದು."

ಕ್ಷೌರದವನ ಕಿವಿಗೆ ಬಿದ್ದದ್ದು ಕೂದಲ ಜೊತೆಗೇ ಗುಡಿಸಿ ಬೀದಿಗೆ ಹೋಯಿತು. ವಾರದೊಳಗೆ ತರಕಾರಿಯವಳು ಅವನಿಗೆ ಕೊಳೆತ ಟೊಮೇಟೊ ಹಾಕುವುದನ್ನು ನಿಲ್ಲಿಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಗತೊಡಗಿತು. ಪಾಪ, ಗಣಿತದ ಮೇಡಂ ಗುಂಪಿನ ನಾಯಕಿ ಎಂದಾಯಿತು; ಅವರ ತರಗತಿಯಲ್ಲಿ ಮೂವತ್ತೆಂಟಕ್ಕೆ ಮೂವತ್ತೆಂಟೂ ಮಕ್ಕಳು ಮನೆಪಾಠ ಮುಗಿಸಿ ತಂದರಂತೆ. ಕಾರಣ ತಿಳಿಯದೆ ಮೇಡಂ ಹೊಸ ಪಠ್ಯಪುಸ್ತಕವನ್ನು ಹೊಗಳಿ ಇಲಾಖೆಗೆ ಕಾಗದ ಬರೆದರು. ದೂರು ಮಾತ್ರ ಯಾರೂ ಕೊಡಲಿಲ್ಲ. ಕೊಟ್ಟವನ ವಿಳಾಸ ಬರೆದುಕೊಳ್ಳುತ್ತಾರಲ್ಲ!

ಅಳಿಯ ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಮೂರನೆಯ ಮಹಡಿಯ ನಮ್ಮ ಮನೆಯೊಳಗೆ ಬಂದ ಮೇಲೆ ಮಾತ್ರ ಎದೆ ತನ್ನ ಹಳೆಯ ಜಾಗಕ್ಕೆ ಹೋಗುತ್ತಿತ್ತು, ಯಾಕೆಂದರೆ ಒಳಗೆ ನನ್ನ ಮಗಳಿದ್ದಳು. ತುಂಬು ಬಸುರಿ. ಅವಳಿಗೆ ಎಲ್ಲ ಗೊತ್ತಿತ್ತು.

"ಹೊಳೆಗೆ ತಳ್ಳಿದವರು ಸ್ವಲ್ಪ ಈ ಬಕೆಟ್ಟನ್ನೂ ಬಚ್ಚಲಿಗೆ ತಳ್ಳಿ," ಎನ್ನುತ್ತಿದ್ದಳು.

ಹೀಗಿರುವಾಗ ಫ್ರೀಜರ್ ಬಂತು.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಮಾಂಸದಂಗಡಿ. ಅಂಗಡಿಯವನನ್ನು ಎಲ್ಲರೂ ಗುಡುಗಪ್ಪ ಎನ್ನುವುದು, ಹಿಂದಿನಿಂದ. ಬಾಗಿಲಿಗೆ ಸರಿಯಾಗಿ ಆಳು, ಬಾಗಿಲಿಗಿಂತ ದೊಡ್ಡ ದನಿ. ಅವನು ಮರದ ಕೊರಡಿನ ಮೇಲೆ ಮಾಂಸ ಕೊಚ್ಚುವುದು ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು. ಒಂದು ಏಳುವಾಗ ಒಂದು ಬೀಳುತ್ತದೆ: ಟಕಟಕ ಟಕಟಕ. ಬೆಳಗ್ಗೆ ಆ ಸದ್ದು ಮೆಟ್ಟಿಲು ಹತ್ತಿ ಬಂತೆಂದರೆ ಎರಡನೆಯ ಮಹಡಿಯಲ್ಲಿ ಲೋಟಗಳು ಸರಿದಾಡುತ್ತವೆ, ಮೂರನೆಯದರಲ್ಲಿ ನನ್ನ ಅಳಿಯ ಸರಿದಾಡುತ್ತಾನೆ. ನಿಜವಾದ ಎರಡು ಕತ್ತಿಯವನು ಕೆಳಗೇ ಇರುವಾಗ ಇವನಿಗೆ ಆ ಆಟ ಹೇಗೆ ಹಿಡಿಸಿತೋ ನಾನರಿಯೆ.

ಫ್ರೀಜರ್ ಎಂದರೆ ಆಳೆತ್ತರಕ್ಕೂ ಮೇಲೆ, ಎರಡು ಬಾಗಿಲಿನದು. ಅದನ್ನು ಲಾರಿಯಿಂದ ಇಳಿಸಿ ಅಂಗಡಿಯ ಪಕ್ಕದ ಬಾಗಿಲ ಎದುರು, ಅಂದರೆ ಮೆಟ್ಟಿಲಿಂದ ಬೀದಿಗೆ ಹೋಗುವ ಓಣಿಯಲ್ಲಿ, ನಿಲ್ಲಿಸಿದರು. ನಿಂತದ್ದು ನಿಂತೇಬಿಟ್ಟಿತು; ಒಳಗಿಂದ ವಯರು ಎಳೆದು ಅಲ್ಲೇ ಚಾಲೂ ಮಾಡಿದ್ದೂ ಆಯಿತು. ಓಣಿಯಲ್ಲಿ ಉಳಿದ ದಾರಿ ಒಂದು ಗೇಣು ನಾಲ್ಕು ಬೆರಳು. ಉಳಿದವರು ಅಡ್ಡಡ್ಡ ನುಸುಳಿ, ಗುಂಡಿ ಕಿತ್ತುಕೊಂಡು ಹೇಗೋ ಓಡಾಡಿದರು. ನನ್ನ ಮಗಳು ಎಂಟನೆಯ ತಿಂಗಳ ಮೊದಲಲ್ಲಿ ಉಸಿರು ಬಿಗಿಹಿಡಿದು ದಾಟಿದಳು. ಹತ್ತು ದಿನ ಬಿಟ್ಟು, ನಾನು ಹಿಂದಿನಿಂದ ನೂಕಿ, ಅಳಿಯ ಮುಂದಿನಿಂದ ಎಳೆದು ದಾಟಿಸಿದೆವು. ಒಂಬತ್ತರಲ್ಲಿ ಬಿದ್ದ ಮೇಲೆ ಅವಳು ಫ್ರೀಜರಿನವರೆಗೆ ಇಳಿದು, ಅದನ್ನು ಒಮ್ಮೆ ನೋಡಿ, ಸುಮ್ಮನೆ ಮೇಲೆ ಬಂದಳು.

"ಅಮ್ಮ, ನೋವು ಶುರುವಾದ್ರೆ ನಾನು ಆಸ್ಪತ್ರೆಗೆ ಹೋಗೋದು ಹೇಗೆ?" ಎಂದಳು. ನಗುತ್ತಲೇ ಕೇಳಿದಳು. ನನಗೆ ನಗು ಬರಲಿಲ್ಲ.

ಕೇಳಿ ನೋಡಲಿಲ್ಲವೆಂದಲ್ಲ. ನಮ್ಮ ಕಟ್ಟಡದ ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದಾರೆ. ರೈಲ್ವೆಯಲ್ಲಿ ವೇಳಾಪಟ್ಟಿ ಬರೆಯುತ್ತಿದ್ದವರು. ಅವರು ಅಂಗಡಿಗೆ ಹೋಗಿ "ಸ್ವಲ್ಪ ಆ ಪೆಟ್ಟಿಗೆ ವಿಷಯ..." ಎನ್ನುತ್ತಿದ್ದಂತೆ ಗುಡುಗಪ್ಪ ತಲೆಯೆತ್ತದೆ, ಎರಡು ಕತ್ತಿಯನ್ನೂ ಕೊರಡಿಗೆ ಕಚ್ಚಿಸಿ, "ಆಮೇಲೆ ನೋಡೋಣ!" ಎಂದನಂತೆ. ಕಾರ್ಯದರ್ಶಿ ಬಂದ ವೇಳೆಗಿಂತ ಬೇಗ ಹೊರಟರು. ಆಮೇಲೆ ಸೂಚನಾಪತ್ರ ಒಂದು, ಎರಡು, ಮೂರು ಎಂದು ಬರೆದು ಫ್ರೀಜರಿಗೇ ಅಂಟಿಸಿದರು. ತಣ್ಣನೆಯ ಮೈಗೆ ನೀರು ಹನಿದು ಅಕ್ಷರವೆಲ್ಲ ಕರಗಿ, ಮೂರನೆಯದರಲ್ಲಿ "ತಮ್ಮ ವಿಧೇಯ" ಮಾತ್ರ ಉಳಿಯಿತು.

ಅಗ್ನಿಶಾಮಕ ಕಚೇರಿಗೂ ಬರೆದೆವು. ಒಬ್ಬ ಇನ್‌ಸ್ಪೆಕ್ಟರು ಬಂದರು. ಬಿದಿರು ಕಡ್ಡಿಯಂಥ ಮನುಷ್ಯ. ಟೇಪು ಹೊರತೆಗೆದು ಅಳೆಯಬೇಕು ಎನ್ನುವಾಗ ಒಳಗಿಂದ ಟಕಟಕ ಟಕಟಕ ಶುರುವಾಯಿತು. ಇನ್‌ಸ್ಪೆಕ್ಟರು ಟೇಪನ್ನು ಜೇಬಿಗೆ ಹಾಕಿಕೊಂಡು, ಓಣಿಯಲ್ಲಿ ಆಚೆಯಿಂದ ಈಚೆಗೆ ಒಮ್ಮೆ ಅಡ್ಡಕ್ಕೆ ನಡೆದು, "ವ್ಯಕ್ತಿಯೊಬ್ಬ ಸಲೀಸಾಗಿ ಹೋಗಬಹುದು" ಎಂದು ಬರೆದುಕೊಂಡು, ಸಲೀಸಾಗಿ ಹೋದರು.

ಅದಾದ ಮೂರನೆಯ ದಿನ ಸಂಜೆ ಇಡೀ ಸಂಘ ನಮ್ಮ ಮನೆಗೆ ಬಂತು. ಕಾರ್ಯದರ್ಶಿ ಮುಂದೆ, ಕ್ಷೌರದವನು ಅವರ ಹಿಂದೆ (ಅವನು ನಮ್ಮ ಕಟ್ಟಡದವನಲ್ಲ, ನೋಡಲು ಬಂದಿದ್ದ), ಎರಡನೆಯ ಮಹಡಿಯ ದರ್ಜಿಯ ಹೆಂಡತಿ ಬಾಗಿಲಲ್ಲಿ. ಎಲ್ಲರೂ ನನ್ನ ಅಳಿಯನ ಕೈಗಳನ್ನೇ ನೋಡುತ್ತಿದ್ದರು. ಅವನು ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ನೋಡಿ," ಎಂದರು ಕಾರ್ಯದರ್ಶಿ, "ನಿಮ್ಮ ಖಾಸಗಿ ವಿಷಯಕ್ಕೆ ನಾವು ಬರೋದಿಲ್ಲ. ಸೇತುವೆ ಮೇಲೆ ಏನಾಯ್ತು, ಯಾಕಾಯ್ತು, ನಾವು ಕೇಳೋದೂ ಇಲ್ಲ."

"ಕೇಳೋದೇ ಇಲ್ಲ," ಎಂದ ಕ್ಷೌರದವನು. "ಹೊಳೆಗೆ ತಳ್ಳಿದ್ದೂ ಕೇಳಲ್ಲ."

"ಕೆಳಗಿನವನು ಎರಡು ಕತ್ತಿಯವನು," ಎಂದರು ಕಾರ್ಯದರ್ಶಿ. " ನಮ್ಮಲ್ಲಿ ಎರಡು ಕತ್ತಿಯವರು ಅಂದ್ರೆ ನೀವೊಬ್ಬರೇ. ಭಾನುವಾರ ಬೆಳಗ್ಗೆ ಹತ್ತಕ್ಕೆ ಅಂತ ಗೊತ್ತುಮಾಡಿದೀವಿ. ಹತ್ತು ಅಂದ್ರೆ ಹತ್ತೇ. ನೀವು ಬರ್ತೀರ ಅಂತ ಗುಡುಗಪ್ಪನಿಗೂ ತಿಳಿಸಿ ಆಗಿದೆ."

"ತಿಳಿಸಿದ್ರಾ?" ನನ್ನ ಅಳಿಯನ ದನಿ ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನಂತಿತ್ತು. "ಯಾರು?"

"ನಾನೇ," ಎಂದ ಕ್ಷೌರದವನು. "ಅವನ ಗಡ್ಡ ಮಾಡ್ತಾ ಎಲ್ಲ ವಿವರವಾಗಿ ಹೇಳಿದೆ. ಐದು ಜನ ಅಂದೆ. ಮೂರು ಅಂದ್ರೆ ಅವನಿಗೆ ಎಲ್ಲಿ ಸಾಕಾಗುತ್ತೆ, ಸಾರ್?"

"ನಿಜ ಹೇಳ್ಬೇಕು ಅಂದ್ರೆ..." ಎಂದು ನನ್ನ ಮಗಳು ಬಾಯಿ ತೆಗೆದಳು. ಅಳಿಯ ಅವಳ ಕಡೆ ನೋಡಿದ ನೋಟವಿದೆಯಲ್ಲ, ಹೊಳೆಯಲ್ಲಿ ಮುಳುಗುವವನು ದಡದ ಕಡೆ ನೋಡುವುದು ಹಾಗೆಯೇ. ಅವಳು ಬಾಯಿ ಮುಚ್ಚಿದಳು. ಅವರೆಲ್ಲ ಇಳಿದು ಹೋದ ಮೇಲೆ ತೆರೆದಳು.

"ಏನ್ರೀ ನಿಮಗೆ? ಒಂದು ಮಾತು, 'ಅದು ಆಟ' ಅಂದಿದ್ರೆ ಆಗ್ತಿತ್ತು!"

"ಅಂದ್ರೆ ಫ್ರೀಜರ್ ಸರಿಯುತ್ತಾ?" ಎಂದ ಅವನು. "ಬೇರೆ ಯಾರೂ ಹೋಗಲ್ಲ. ನೀನು ದಾಟಬೇಕಲ್ಲ."

ನಾನು ಅವನಿಗೆ ಒಂದು ಲೋಟ ನೀರು ಕೊಟ್ಟೆ. ಅರ್ಧ ಅಂಗಿಯ ಮೇಲೆ ಹೋಯಿತು.

ಶನಿವಾರದವರೆಗೆ ಕೆಳಗಿನ ಸದ್ದು ದಿನದಿಂದ ದಿನಕ್ಕೆ ಏರಿತು. ಹಿಂದೆ ಬೆಳಗ್ಗೆ ಒಂದು ಗಂಟೆ ಕೊಚ್ಚುತ್ತಿದ್ದವನು ಈಗ ಮಧ್ಯಾಹ್ನವೂ ಕೊಚ್ಚುತ್ತಿದ್ದ, ಸಂಜೆಯೂ ಕೊಚ್ಚುತ್ತಿದ್ದ. "ಸಾಧನೆ ಮಾಡ್ತಿದಾನೆ," ಎಂದಳು ದರ್ಜಿಯ ಹೆಂಡತಿ. ಕೊಳ್ಳುವವರಿಲ್ಲದಿದ್ದರೂ ಟಕಟಕ. ಒಂದೊಂದು ಏಟಿಗೂ ಅಳಿಯನ ರೆಪ್ಪೆ ಒಂದೊಂದು ಸಲ ಮುಚ್ಚಿ ತೆರೆಯುತ್ತಿತ್ತು. ಕೆಲಸದಲ್ಲಿ ಹನ್ನೊಂದು ವರ್ಷದ ಮೇಲೆ ಮೊದಲ ಗಾಜು ಒಡೆಯಿತು. ಅವನು ಆ ಚೂರುಗಳನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ನನಗೆ ತೋರಿಸಿದ.

ಆ ಶನಿವಾರ ಆಟಕ್ಕೆ ಹೋಗಲಿಲ್ಲ. ಗಣಿತದ ಮೇಡಂಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ.

"ಮೇಡಂ, ಎದುರಾಳಿ ನನಗಿಂತ ತುಂಬ ದೊಡ್ಡವನು. ಅವನಿಗೂ ಎರಡು ಕತ್ತಿ. ಭಾರದ ಕತ್ತಿ."

"ಭಾರದ್ದಾ? ಎರಡು ಕೈಗೂ ಭಾರದ್ದು ನಿಯಮದ ಪ್ರಕಾರ ಆಗೋದೇ ಇಲ್ಲ," ಎಂದರು ಮೇಡಂ. ಅವರ ದನಿ ಇಡೀ ಮನೆಗೆ ಕೇಳುತ್ತದೆ, ತರಗತಿಯ ಅಭ್ಯಾಸ.

"ಅವನು ನಿಯಮ ಓದಿಲ್ಲ, ಮೇಡಂ."

"ಹಾಗಾದ್ರೆ ಓಡಿಹೋಗು."

"ಹಿಂದೆ ಹೆಂಡತಿ ಇದಾಳೆ. ಓಡೋ ಹಾಗಿಲ್ಲ." ಮೆತ್ತಗೆ ಕೇಳಿದ: "ಮೇಡಂ, ನನ್ನ ಸರದಿ ಬರೋವರೆಗೂ ಅವನು ಕಾಯ್ತಾನಾ?"

"ಕಾಯಲೇಬೇಕು," ಎಂದರು ಮೇಡಂ. "ಇಲ್ಲದಿದ್ರೆ ಅದೆಂಥ ಕಾಳಗ?"

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಜನ ಥಿಯೇಟರಿನ ಸಾಲಿನಂತೆ ಕೂತಿದ್ದರು. ಹಿಂದಿನ ಸಾಲಿಗೆ ಕಾಣಲೆಂದು ಮುಂದಿನವರು ತಗ್ಗಿದ್ದರು. ನನ್ನ ಅಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರಿಗೈಯಲ್ಲಿ ಇಳಿದ. ಬರಿಗೈ ಕಂಡು ಮೆಟ್ಟಿಲ ಮೇಲೆ ಗುಸುಗುಸು ಎದ್ದಿತು. "ಒಳಗೆ ಇಟ್ಕೊಂಡಿರ್ತಾರೆ," ಎಂದ ಕ್ಷೌರದವನು, ತಿಳಿದವನ ಹಾಗೆ. ನಾನು ಅಳಿಯನ ಹಿಂದೆಯೇ ಇಳಿದೆ. ಧೈರ್ಯದಿಂದಲ್ಲ. ಅವನು ನನ್ನ ಸೆರಗನ್ನು ಬಿಟ್ಟಿರಲಿಲ್ಲ.

ಫ್ರೀಜರಿನ ಸಂದಿಯಲ್ಲಿ ನುಸುಳಿ, ಪಕ್ಕದ ಬಾಗಿಲಿಂದ ಅಂಗಡಿಯೊಳಗೆ ಕಾಲಿಟ್ಟೆವು. ಗುಡುಗಪ್ಪ ಕೊರಡಿನ ಹಿಂದೆ ನಿಂತಿದ್ದ. ಎರಡು ಕೈಯಲ್ಲೂ ಕತ್ತಿ. ಕೊರಡಿನ ಮೇಲೆ ಮಾಂಸವಿರಲಿಲ್ಲ. ಬರಿ ಮರವನ್ನೇ ಕೊಚ್ಚುತ್ತಿದ್ದ. ನಮ್ಮನ್ನು ಕಂಡು ಕೈ ನಿಂತಿತು. ಸದ್ದು ನಿಂತದ್ದೇ ನಿಂತದ್ದು, ಅದು ಇದ್ದಾಗಿನದಕ್ಕಿಂತ ಹೆಚ್ಚು ಭಯವಾಯಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಕತ್ತಿಗಳ ಬಾಯಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು, ಅದರಲ್ಲಿ ಕಿಟಕಿ ಕಾಣುತ್ತಿತ್ತು.

"ಏನು?" ಎಂದ ಗುಡುಗಪ್ಪ.

ನನ್ನ ಅಳಿಯ ಏನೇನು ಹೇಳಬೇಕೆಂದು ಎರಡು ದಿನದಿಂದ ಬರೆದುಕೊಂಡು, ಹೊಡೆದುಹಾಕಿ, ಮತ್ತೆ ಬರೆದುಕೊಂಡಿದ್ದ. 'ಅಣ್ಣ, ನಮ್ಮ ಮನೆಯಲ್ಲಿ ಬಸುರಿ ಇದ್ದಾಳೆ' ಎಂದು ಶುರುವಾಗುತ್ತಿತ್ತು. ಆ ಹೊತ್ತಿನಲ್ಲಿ ಅದೆಲ್ಲ ತಲೆಯಿಂದ ಆರಿಹೋಗಿ, ಉಳಿದದ್ದು ಕನ್ನಡಿ ಪಕ್ಕದ ಕಾಗದವೊಂದೇ. ಅವನು ನೆಟ್ಟಗೆ ನಿಂತ. ಕೈ ಎರಡನ್ನೂ ಪಕ್ಕಕ್ಕೆ ಇಳಿಬಿಟ್ಟ. ಭಯ ಮೇರೆ ಮೀರಿದಾಗ ಮುಖದಲ್ಲಿ ಏನೂ ಉಳಿಯುವುದಿಲ್ಲ. ಕೆರೆಯ ನೀರಿನ ಹಾಗಿರುತ್ತದೆ. ಹಾಗಿದ್ದ ಮುಖದಿಂದ, ಹಾಗೆಯೇ ತಣ್ಣಗೆ, ಹೇಳಿದ:

"ಮೊದಲು ನೀವು ಹೊಡೀರಿ."

"ಆಂ?"

"ನೀವೇ ಮೊದಲು. ನಾನು ಕಾಯ್ತೀನಿ. ನಿಮ್ಮದು ಪೂರ್ತಿ ಮುಗೀಲಿ, ಅವಸರ ಬೇಡ. ಆಮೇಲೆ ನಂದು ಎರಡು ಏಟು ಇದೆ."

ನಾನು ಕಣ್ಣು ಮುಚ್ಚಿಕೊಂಡೆ. ಠಣ್ ಎಂದು ಒಂದು ಕತ್ತಿ ಬಿತ್ತು. ಠಣ್ ಎಂದು ಇನ್ನೊಂದು. ಕಣ್ಣು ಬಿಟ್ಟು ನೋಡಿದರೆ ಗುಡುಗಪ್ಪ ಕೊರಡನ್ನು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂರುತ್ತಿದ್ದ. ಅಷ್ಟು ದೊಡ್ಡ ಆಳು ಕೂರುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ಬೇಡಣ್ಣ," ಎಂದ. ಆ ದೊಡ್ಡ ದನಿಯನ್ನು ಅವನು ಎಲ್ಲಿಟ್ಟನೋ ತಿಳಿಯದು. "ಬೇಡ. ನಾನು ಜಗಳದವನಲ್ಲ. ನಾಲ್ಕು ದಿನದಿಂದ ಊಟ ಸೇರ್ತಿಲ್ಲ. ಕೈ ಸುಮ್ನೆ ಇದ್ರೆ ನಡುಗುತ್ತೆ ಅಂತ ಕೊಚ್ತಾನೇ ಇದೀನಿ. ನೋಡು, ಕೊರಡು ಅರ್ಧ ಮುಗಿದೋಯ್ತು."

ನನ್ನ ಅಳಿಯ ಅಲ್ಲಾಡಲಿಲ್ಲ. ಅವನ ಲೆಕ್ಕದಲ್ಲಿ ಎದುರಾಳಿಯ ಸರದಿ ಇನ್ನೂ ಮುಗಿದಿರಲಿಲ್ಲ. ಮಾತಾಡಬೇಕಾದವಳು ನಾನಾದೆ.

"ಆ ಫ್ರೀಜರ್ ಸರಿಸಪ್ಪ. ನನ್ನ ಮಗಳಿಗೆ ದಿನ ತುಂಬಿದೆ. ಅವಳನ್ನ ಇಳಿಸೋದು ಹೇಗೆ?"

"ಸರಿಸೋಕೆ ನನಗೇನು ಮನಸ್ಸಿಲ್ವಾ, ತಾಯಿ? ಅದು ಬಾಗಿಲಲ್ಲಿ ಹಿಡಿಸಲ್ಲ! ಎರಡು ಬೆರಳು ಜಾಸ್ತಿ. ಮುಂದಿನಿಂದ ತರೋಣ ಅಂದ್ರೆ ಗಾಜಿನ ಕೌಂಟರ್ ಅಡ್ಡ. ನಾನು ಪೆಟ್ಟಿಗೆ ಅಳೆದೆ, ಬಾಗಿಲು ಅಳೆಯೋದು ಮರೆತೆ. ಇದನ್ನ ಯಾರ ಹತ್ರ ಹೇಳ್ಲಿ? ಅದಕ್ಕೇ ಯಾರು ಕೇಳಿದ್ರೂ ಗದರಿಸಿಬಿಡ್ತೀನಿ."

"ಬಡಗೀನ ಕರೆಸಿ ಚೌಕಟ್ಟು ಕೀಳಿಸಬಾರದಾ?"

"ನಾಳೆ ಬರ್ತೀನಿ ಅಂತ ಹೇಳಿ ಒಂದು ತಿಂಗಳಾಯ್ತು."

"ಅವನನ್ನೂ ಗದರಿಸೋದು ತಾನೆ?"

ಗುಡುಗಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬಡಗೀನಾ? ಅವನಿಗೆ ಕೋಪ ಬಂದ್ರೆ ಬರೋದೇ ಇಲ್ಲ, ತಾಯಿ! ಅವನನ್ನ ಕಂಡ್ರೆ ನನಗೆ ಭಯ."

ಆಗ ಮೂರನೆಯ ಮಹಡಿಯಿಂದ ಒಂದು ಕೂಗು ಕೇಳಿಸಿತು. "ಅಮ್ಮಾ!" ನನ್ನ ಮಗಳದು. ಅದು ಯಾವ ಕೂಗು ಎಂದು ಹೆತ್ತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೆಟ್ಟಿಲ ಮೇಲಿನ ಸಾಲು ಚದುರಿತು. ಕಾರ್ಯದರ್ಶಿ ಗಡಿಯಾರ ನೋಡಿಕೊಂಡು "ಹತ್ತು ಹನ್ನೆರಡು" ಎಂದು ಯಾಕೋ ಗಟ್ಟಿಯಾಗಿ ಹೇಳಿದರು. ದರ್ಜಿಯ ಹೆಂಡತಿ ಮೇಲಕ್ಕೆ ಓಡಿದಳು. ಕ್ಷೌರದವನು ಫ್ರೀಜರನ್ನು ಬರಿಗೈಯಲ್ಲಿ ತಳ್ಳಿ ನೋಡಿದ. ಅದು ಗುಂಯ್ ಎಂದಿತಷ್ಟೆ.

ನನ್ನ ಅಳಿಯ ಎಚ್ಚರಾದವನಂತೆ ಗುಡುಗಪ್ಪನ ಕೈ ಹಿಡಿದು ಎಳೆದ. "ಏಳಿ! ಅಣ್ಣ, ಏಳಿ! ಚೌಕಟ್ಟು!"

"ಉಳಿ ಇಲ್ಲ, ಗರಗಸ ಇಲ್ಲ..."

"ಕತ್ತಿ ಇದೆಯಲ್ಲ!"

ಎರಡು ಕತ್ತಿಯಿಂದ ಕಾಳಗ ಮಾಡುವುದೆಂದರೇನು ಎಂದು ನಾನು ನೋಡಿದ್ದು ಆಗ. ಗುಡುಗಪ್ಪ ಎದ್ದ, ಕತ್ತಿಗಳನ್ನೆತ್ತಿಕೊಂಡ, ಬಾಗಿಲ ಚೌಕಟ್ಟಿನ ಮೇಲೆ ಬಿದ್ದ. ಬಲ, ಎಡ, ಬಲ, ಎಡ. ಅವನ ಎಡಗೈಗೆ ತೋಳಿನ ಬಲ ಸೇರಿಸಬಾರದೆಂದು ಯಾರೂ ಹೇಳಿರಲಿಲ್ಲ. ಚಕ್ಕೆಗಳು ಹಾರಿ ಗೋಡೆಗೆ ತಾಗಿದವು. ನನ್ನ ಅಳಿಯ ಒಂದು ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಸಡಿಲಾದ ಮರವನ್ನು ಹಿಡಿದೆಳೆಯುತ್ತಿದ್ದ. ಕತ್ತಿಗಳು ಅವನ ಬೆರಳಿನಿಂದ ಒಂದು ಗೇಣು ದೂರದಲ್ಲಿ ಬೀಳುತ್ತಿದ್ದವು. "ಸ್ವಲ್ಪ ನಿಧಾನ, ಸ್ವಲ್ಪ ನಿಧಾನ," ಎಂದು ಅಳುತ್ತಲೇ ಇದ್ದ. ಹಿಡಿದ ಮರವನ್ನು ಮಾತ್ರ ಬಿಡಲಿಲ್ಲ. ಒಂದು ಪಕ್ಕದ ಕಂಬ ಬಿತ್ತು. ಆಮೇಲೆ ಇನ್ನೊಂದು. ಎಂಟು ಜನ ಸೇರಿ ಫ್ರೀಜರನ್ನು ಓರೆ ಮಾಡಿ ಒಳಗೆ ನೂಕಿದರು. ಅದು ಹೋಗಿ ಕೌಂಟರಿಗೆ ಗುದ್ದಿ ನಿಂತಿತು.

ಎರಡು ತಿಂಗಳಾದ ಮೇಲೆ ಓಣಿಯಲ್ಲಿ ಬೀದಿಯ ಬೆಳಕು ಬಿತ್ತು. ನನ್ನ ಮಗಳು ದರ್ಜಿಯ ಹೆಂಡತಿಯ ಹೆಗಲು ಹಿಡಿದು ಇಳಿದು ಬಂದಳು. ಮರದ ಚಕ್ಕೆಗಳ ಮೇಲೆ ಕಾಲಿಟ್ಟು, ಗಂಡನ ಮುಖ ನೋಡಿ, "ಬದುಕಿದೀರಾ?" ಎಂದಳು.

"ಗೊತ್ತಿಲ್ಲ," ಎಂದ ಅವನು.

ಆಸ್ಪತ್ರೆಗೆ ಹೋದದ್ದು ಗುಡುಗಪ್ಪನ ಮಾಂಸದ ವ್ಯಾನಿನಲ್ಲಿ. ಅವಸರದಲ್ಲಿ ಅವನು ಏಪ್ರನ್ ಕಳಚಿರಲಿಲ್ಲ. ಒಳಗೆ ಕಾಲಿಡುತ್ತಲೇ ನರ್ಸುಗಳು ನನ್ನ ಮಗಳನ್ನು ಬಿಟ್ಟು, ಕೆಂಪು ಕಲೆಗಳ ಅವನನ್ನು ಹಿಡಿದು ಮಲಗಿಸಲು ನೋಡಿದರು. "ನಾನಲ್ಲ! ನಾನಲ್ಲ!" ಎಂದು ಅವನು ಕೂಗಿಕೊಂಡ ಮೇಲೆ ಬಿಟ್ಟರು. ಮಗಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಹೊರಗೆ ಒಂದು ಬೆಂಚು. ಈ ತುದಿಗೆ ಅಳಿಯ, ಆ ತುದಿಗೆ ಗುಡುಗಪ್ಪ, ನಡುವೆ ನಾನು. ಒಂದು ಗಂಟೆ ಹೋಯಿತು, ಎರಡು ಹೋಯಿತು. ಒಳಗಿಂದ ಯಾರೂ ಬರಲಿಲ್ಲ. ಒಬ್ಬ ನರ್ಸು ಬೇಗಬೇಗ ಒಳಗೆ ಹೋದಳು. ಅವಳು ಯಾಕೆ ಬೇಗ ಹೋದಳು ಎಂದು ಅಳಿಯ ನನ್ನನ್ನು ಮೂರು ಸಲ ಕೇಳಿದ. ನನಗೂ ಅದೇ ಯೋಚನೆಯಾಗಿತ್ತು. ಬೆಂಚು ಸಣ್ಣಗೆ ಅಲುಗುತ್ತಿತ್ತು, ಎರಡೂ ಕಡೆಯಿಂದ.

"ಒಂದು ಮಾತು ಕೇಳ್ಲಾ?" ಎಂದ ಗುಡುಗಪ್ಪ, ನನ್ನ ತಲೆಯ ಮೇಲಿಂದ. "ಆ ಹೊಳೆಗೆ ತಳ್ಳಿದೆಯಲ್ಲ, ಕೊನೆಯವನನ್ನ. ಅವನಿಗೆ ಈಜು ಬರ್ತಿತ್ತಾ? ನಾಲ್ಕು ದಿನದಿಂದ ಅದೇ ತಲೇಲಿ ಕೂತಿದೆ."

ಅಳಿಯ ಮುಚ್ಚಿದ ಬಾಗಿಲನ್ನು ನೋಡಿದ. ನೆಲವನ್ನು ನೋಡಿದ.

"ಯಾರೂ ಇರ್ಲಿಲ್ಲ, ಅಣ್ಣ. ಸೇತುವೇನೂ ಇರ್ಲಿಲ್ಲ. ಅದೊಂದು ಆಟ. ಮೇಜಿನ ಸುತ್ತ ಕೂತು ದಾಳ ಹಾಕೋದು. ನಾನು ಜೀವಮಾನದಲ್ಲಿ ಯಾರನ್ನೂ ಹೊಡೆದಿಲ್ಲ. ಕನ್ನಡಕದ ಗಾಜು ಅರೀತೀನಿ, ಅಷ್ಟೆ. ಒಳಗೆ ಅವಳು ಹಾಗಿರುವಾಗ ನನಗೆ ಇನ್ನು ಸುಳ್ಳು ಹೊರೋಕೆ ಆಗಲ್ಲ. ನಾಳೆ ಎಲ್ಲರಿಗೂ ಹೇಳಿಬಿಡ್ತೀನಿ."

ಗುಡುಗಪ್ಪ ಪೂರ್ತಿಯಾಗಿ ಅವನ ಕಡೆ ತಿರುಗಿದ.

"ಅಂದ್ರೆ ನನ್ನ ಮುಂದೆ ನಿಂತು 'ಮೊದಲು ನೀವು ಹೊಡೀರಿ' ಅಂದಾಗ ನಿನ್ನ ಹತ್ರ ಏನೂ ಇರ್ಲಿಲ್ವಾ?"

"ಏನೂ ಇಲ್ಲ."

"ಒಳಗೂ?"

"ಒಳಗೆ ಬನಿಯನ್ ಇತ್ತು."

ಗುಡುಗಪ್ಪ ತನ್ನ ಎರಡು ಅಂಗೈಯನ್ನೂ ತಿರುಗಿಸಿ ನೋಡಿಕೊಂಡ. "ಅಕಸ್ಮಾತ್ ನಾನು ಹೆದರಿಕೆಗೆ ಬೀಸಿಬಿಟ್ಟಿದ್ರೆ?" ಎಂದ. "ಸ್ವಲ್ಪದರಲ್ಲಿ ಬೀಸ್ತಿದ್ದೆ ಕಣಯ್ಯ." ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ ನನ್ನ ಮಡಿಲ ಮೇಲಿಂದಲೇ ಬಾಗಿ ಅಳಿಯನ ಮಣಿಕಟ್ಟು ಹಿಡಿದ.

"ನಿನಗೆ ಕೈ ಮುಗೀತೀನಿ. ಯಾರಿಗೂ ಹೇಳಬೇಡ. ಐದು ಜನಾನ ಕೆಡವಿದವನಿಗೆ ನಾನು ಹೆದರಿದೆ ಅಂದ್ರೆ ಬೀದಿಯವರು ಒಪ್ತಾರೆ, ಯಾರಾದ್ರೂ ಹೆದರ್ತಾರೆ ಅಂತಾರೆ. ಕನ್ನಡಕ ಉಜ್ಜೋನಿಗೆ ಹೆದರಿ ನೆಲಕ್ಕೆ ಕೂತೆ ಅಂದ್ರೆ? ಬಡಗಿ ಕೂಡ ನನ್ನ ಮಾತಾಡಿಸಲ್ಲ."

"ಹಾಗಾದ್ರೆ ನಾನು?" ಎಂದ ಅಳಿಯ. "ನಾನು ಹೀಗೇ ಇರ್ಬೇಕಾ? ಎಲ್ಲಿವರೆಗೆ? ಇನ್ನು ಯಾವ ಯಾವ ಬಾಗಿಲಿಗೆ ನನ್ನ ಕಳಿಸ್ತಾರೋ!"

"ಕಳಿಸಿದ ಕಡೆ ನನ್ನನ್ನೂ ಕರಿ. ಹಿಂದೆ ನಿಂತ್ಕೋತೀನಿ. ಮುಂದೆ ಮಾತ್ರ ನಿಲ್ಲಲ್ಲ."

ಒಪ್ಪಂದವಾಯಿತು. ಆಗ ಇಬ್ಬರಿಗೂ ಒಟ್ಟಿಗೇ ನೆನಪಾದದ್ದು, ನಡುವೆ ನಾನಿದ್ದೇನೆ ಎಂದು. ಇಬ್ಬರೂ ತಿರುಗಿ ನನ್ನ ಮುಖ ನೋಡಿದರು. ಒಬ್ಬ ಅಂಗಡಿಯ ಮಾನವನ್ನು ನನ್ನ ಬಾಯಿಯಲ್ಲಿಟ್ಟವನು, ಇನ್ನೊಬ್ಬ ತನ್ನ ಪ್ರಾಣವನ್ನು.

ವಯಸ್ಸಾದವರಿಗೆ ಕೆಲವು ಸೌಕರ್ಯಗಳಿರುತ್ತವೆ.

"ಏನಂದ್ರಪ್ಪ?" ಎಂದೆ. "ಸ್ವಲ್ಪ ಜೋರಾಗಿ ಹೇಳಿ. ನನಗೆ ಕಿವಿ ಅಷ್ಟಾಗಿ ಕೇಳಿಸೋದಿಲ್ಲ."

ಇಬ್ಬರೂ ಉಸಿರು ಬಿಟ್ಟರು. ಅಷ್ಟರಲ್ಲಿ, ಎರಡು ಮುಚ್ಚಿದ ಬಾಗಿಲುಗಳ ಆಚೆ, ಬೆಕ್ಕಿನ ಮರಿಯದೋ ಎನ್ನುವಷ್ಟು ಸಣ್ಣ ಅಳುವೊಂದು ಎದ್ದಿತು. ಗುಡುಗಪ್ಪನಿಗೆ ಕೇಳಿಸಲಿಲ್ಲ. ಅಳಿಯನಿಗೂ ಕೇಳಿಸಲಿಲ್ಲ.

ಬೆಂಚಿನಿಂದ ಎದ್ದು ನಿಂತವಳು ನಾನು.